ಕೆಂಪು ಬೊಟ್ಟಿನ ಬೂಟು

ಪಾದರಕ್ಷೆ ಕಳೆದುಕೊಳ್ಳುವುದರಲ್ಲಿ ನನಗೆ ಒಂದು ಬಗೆಯ ಪರಿಣತಿ ಇದೆ. ಬೇರೆಯವರು ಕೊಡೆ ಮರೆಯುತ್ತಾರೆ, ಕನ್ನಡಕ ಮರೆಯುತ್ತಾರೆ. ನಾನು ಹೋದ ಕಡೆಯಲ್ಲೆಲ್ಲ ಕಾಲಿನದನ್ನು ಬಿಟ್ಟು ಬರುತ್ತೇನೆ. ಬೆಂಗಳೂರಿನಲ್ಲಿದ್ದಾಗ ಗುಡಿಯ ಮುಂದೆ ಚಪ್ಪಲಿ ಹೋದರೆ ಅಮ್ಮ, ಹೋಗಲಿ ಬಿಡು, ಶನಿ ಬಿಟ್ಟಿತು ಎನ್ನುತ್ತಿದ್ದಳು. ಆ ಪ್ರಕಾರ ನನ್ನ ಮೈಯಲ್ಲಿ ಈಗ ಚೂರು ಶನಿಯೂ ಉಳಿದಿರಬಾರದು. ನನ್ನ ಹೆಂಡತಿ ಸರೋಜ ಇದನ್ನು ಒಪ್ಪುವುದಿಲ್ಲ. ಶನಿ ಎಲ್ಲಿಗೂ ಹೋಗಿಲ್ಲ, ಬರೀ ಚಪ್ಪಲಿ ಹೋಗಿವೆ ಎನ್ನುವುದು ಅವಳ ವಾದ.

ಅಮೆರಿಕಕ್ಕೆ ಬಂದರೆ ಈ ಕಾಟ ತಪ್ಪೀತು ಎಂದುಕೊಂಡಿದ್ದೆ. ತಪ್ಪಲಿಲ್ಲ. ನಾವಿದ್ದದ್ದು ಸ್ಯಾನ್ ಫ್ರಾನ್ಸಿಸ್ಕೋ ಹತ್ತಿರದ ಸನಿವೇಲಿನ ಒಂದು ಅಪಾರ್ಟ್‌ಮೆಂಟಿನಲ್ಲಿ. ತಿಂಗಳಿಗೊಂದು ಭಾನುವಾರ ಸರಟೋಗಾದ ಗುಡ್ಡದ ಮೇಲಿರುವ ಡಾಕ್ಟರ್ ಶೆಟ್ಟರ ಮನೆಯಲ್ಲಿ ಕನ್ನಡದವರೆಲ್ಲ ಸೇರಿ ಊಟ ಮಾಡುವ ರೂಢಿ. ಒಬ್ಬರು ಬಿಸಿಬೇಳೆಬಾತು, ಒಬ್ಬರು ಕೋಸಂಬರಿ, ಮದುವೆಯಾಗದವರು ಪೇಪರ್ ಪ್ಲೇಟು. ಊಟ ಒಳಗೆ, ಬೂಟು ಹೊರಗೆ. ಆ ಬಾಗಿಲ ಮುಂದಿನ ರಾಶಿಯನ್ನು ನೀವು ನೋಡಬೇಕಿತ್ತು. ಎಲ್ಲರೂ ಎಂಜಿನಿಯರುಗಳು, ಎಲ್ಲರೂ ಒಂದೇ ಮಾಲಿನ ಒಂದೇ ಸೇಲಿನಲ್ಲಿ ಕೊಂಡವರು, ಎಲ್ಲರದೂ ಕಪ್ಪು ಬಣ್ಣ. ಹೊರಡುವಾಗ ಕೈಗೆ ಸಿಕ್ಕಿದ್ದನ್ನು ಕಾಲಿಗೆ ತುರುಕಿಕೊಳ್ಳುವುದೇ ವಾಡಿಕೆ. ಒಮ್ಮೆ ಎಡಗಾಲಿಗೆ ನನ್ನದನ್ನೂ ಬಲಗಾಲಿಗೆ ಇನ್ಯಾರದನ್ನೋ ಹಾಕಿಕೊಂಡು ಫ್ರೀವೇಯಲ್ಲಿ ಅರ್ಧ ದಾರಿ ಬಂದಮೇಲೆ, ಬ್ರೇಕು ಒತ್ತುತ್ತಿರುವ ಕಾಲು ನನ್ನದಲ್ಲ ಎನ್ನಿಸಿ ಗಾಬರಿಯಾಯಿತು.

ಆ ರಾತ್ರಿಯೇ ಸರೋಜ ಒಂದು ಉಪಾಯ ಮಾಡಿದಳು. ನನಗೆಂದು ಆಗಷ್ಟೇ ಕೊಂಡಿದ್ದ ಹೊಸ ಬೂಟನ್ನು ಮಡಿಲಲ್ಲಿ ಇಟ್ಟುಕೊಂಡು, ಹಿಮ್ಮಡಿಯ ಮೇಲೆ ಸರಿಯಾಗಿ ನಡುವೆ, ತನ್ನ ಕೆಂಪು ನೇಲ್ ಪಾಲಿಶಿನಿಂದ ಒಂದೊಂದು ಬೊಟ್ಟಿಟ್ಟಳು. ಕುಂಕುಮ ಇಟ್ಟ ಹಾಗೇ ಇತ್ತು. ಇನ್ನು ಯಾರ ಕಾಲಲ್ಲಿದ್ದರೂ ಹಿಂದಿನಿಂದ ಗುರುತು ಹಿಡಿಯಬಹುದು ಎಂದಳು. ನಾನು ನಕ್ಕೆ. ನಗಬಾರದಿತ್ತು.

ಎಂಬತ್ತರ ದಶಕದ ನಡುವಿನ ಮಾತು ಇದು. ನಮ್ಮ ಕಂಪನಿ ಅದಿರಿನಲ್ಲಿ ತಾಮ್ರ ಎಷ್ಟಿದೆ ಎಂದು ಹೇಳುವ ಯಂತ್ರವೊಂದನ್ನು ತಯಾರಿಸುತ್ತಿತ್ತು. ಅದನ್ನು ಪೆರು ದೇಶದ ಲೀಮಾ ನಗರದಲ್ಲಿ ಗಣಿಯವರಿಗೆ ತೋರಿಸಿ ಬರಬೇಕಾಗಿದ್ದ ಸಹೋದ್ಯೋಗಿ ಹಿಮದ ಮೇಲೆ ಜಾರಲು ಹೋಗಿ ಕಾಲು ಮುರಿದುಕೊಂಡ. ಬಾಸು ಆಫೀಸಿನಲ್ಲಿ ಸುತ್ತ ಕಣ್ಣಾಡಿಸಿದಾಗ ಸುಮ್ಮನೆ ಕೂತಿದ್ದವನು ನಾನೊಬ್ಬನೇ. ಸ್ಪ್ಯಾನಿಶ್ ಬರುತ್ತದೆಯೇ ಎಂದು ಕೇಳಿದ. ಬರುತ್ತದೆ ಎಂದೆ. ಸ್ಯಾನ್ ಹೋಸೆ, ಸ್ಯಾಂಟಾ ಕ್ಲಾರಾ, ಪಾಲೋ ಆಲ್ಟೋ, ಲಾಸ್ ಗಾಟೋಸ್ ಎಂದು ದಿನಬೆಳಗಾದರೆ ಫ್ರೀವೇ ಬೋರ್ಡಿನ ಊರುಗಳ ಹೆಸರು ಓದುತ್ತ ಕಾರು ಓಡಿಸುವವನಿಗೆ ಸ್ಪ್ಯಾನಿಶ್ ಬಾರದಿರಲು ಸಾಧ್ಯವೇ? ಲೀಮಾದಲ್ಲಿ ಇಳಿದ ಮೇಲೆ ತಿಳಿಯಿತು, ನನ್ನ ಸ್ಪ್ಯಾನಿಶ್ ಫ್ರೀವೇಯಿಂದ ಕೆಳಗಿಳಿಯುವುದಕ್ಕೆ ಸಾಕು, ಅನ್ನ ಕೇಳುವುದಕ್ಕೆ ಸಾಲದು.

ಹೊರಡುವಾಗ ಸರೋಜ ಒಂದು ಜೊತೆ ಸ್ಲಿಪ್ಪರನ್ನೂ ಇಟ್ಟುಕೊಳ್ಳಲು ಹೇಳಿದ್ದಳು. ನಾನು ಬೇಡವೆಂದೆ. ಪ್ರಪಂಚ ಸುತ್ತುವವರು ಹಗುರಾಗಿ ಹೋಗುತ್ತಾರೆ ಎಂದು ಅವಳಿಗೊಂದು ಸಣ್ಣ ಭಾಷಣ ಮಾಡಿ, ಕಾಲಲ್ಲಿದ್ದ ಬೊಟ್ಟಿನ ಬೂಟೊಂದನ್ನೇ ನಂಬಿ ವಿಮಾನ ಹತ್ತಿದೆ. ಗಣಿಯ ದೊಡ್ಡವರ ಜೊತೆ ಮೀಟಿಂಗು ಇದ್ದದ್ದು ಸೋಮವಾರ ಬೆಳಿಗ್ಗೆ, ಅಂಗಡಿ ಬಾಗಿಲು ತೆರೆಯುವ ಮೊದಲೇ. ಆ ಜನ ಮೊದಲು ಮನುಷ್ಯನ ಉಡುಪು ನೋಡುತ್ತಾರೆ, ಆಮೇಲೆ ಯಂತ್ರ ನೋಡುತ್ತಾರೆ ಎಂದು ಬಾಸು ಎಚ್ಚರಿಸಿ ಕಳಿಸಿದ್ದ. ಈ ಯಂತ್ರ ಅವರಿಗೆ ಹಿಡಿಸದಿದ್ದರೆ ನಾನು ಮತ್ತೆ ಆಫೀಸಿನ ಮೂಲೆಗೆ ಹೋಗಿ ಸುಮ್ಮನೆ ಕೂರಬೇಕಾದೀತು ಎಂಬುದನ್ನು ಅವನು ಬಾಯಿಬಿಟ್ಟು ಹೇಳಲಿಲ್ಲ, ಅಷ್ಟೆ.

ನಡುವೆ ಒಂದು ಭಾನುವಾರ ಪೂರ್ತಿ ನನ್ನದಾಗಿತ್ತು. ಹೋಟೆಲಿನಿಂದ ಹೊರಗೆ ಬಂದರೆ ಊರೆಲ್ಲ ಮಂಜು. ನಾನು ಸ್ಯಾನ್ ಫ್ರಾನ್ಸಿಸ್ಕೋದ ಮಂಜಿನಿಂದ ತಪ್ಪಿಸಿಕೊಂಡು ಇಷ್ಟು ದೂರ ಬಂದರೆ, ಅದು ನನಗಿಂತ ಮೊದಲೇ ಬಂದು ಕಾಯುತ್ತಿತ್ತು. ಸ್ವಲ್ಪ ದೂರ ನಡೆದಾಗ ಒಂದು ಚಿಕ್ಕ ಚರ್ಚು ಕಾಣಿಸಿತು. ಬಾಗಿಲ ಮೇಲಿನ ಹೆಸರು ನೋಡಿದರೆ ನಮ್ಮ ಸ್ಯಾನ್ ಫ್ರಾನ್ಸಿಸ್ಕೋದ ಸಂತನೇ. ಪರದೇಶದಲ್ಲಿ ಪರಿಚಯದವರ ಮನೆ ಸಿಕ್ಕ ಹಾಗಾಯಿತು. ಮೆಟ್ಟಿಲು ಹತ್ತಿದೆ. ಕಾಲು, ನನ್ನನ್ನು ಒಂದು ಮಾತೂ ಕೇಳದೆ, ಬೂಟು ಕಳಚಿತು.

ಬಗ್ಗಿ ಕಾಲುಚೀಲವನ್ನೂ ತೆಗೆದು ಮಡಿಸಿ ಬೂಟಿನೊಳಗಿಟ್ಟೆ. ಬೆಂಗಳೂರಿನಲ್ಲಾದರೆ ಕಳ್ಳರಿಗೆ ಸಿಗದಿರಲಿ ಎಂದು ಎಡಗಾಲಿನದನ್ನು ಒಂದು ಕಡೆ, ಬಲಗಾಲಿನದನ್ನು ಇನ್ನೊಂದು ಕಡೆ ಬಿಡುತ್ತಿದ್ದೆ. ಪರಿಚಯದ ಸಂತನ ಮನೆಯಲ್ಲಿ ಅಂಥ ಅಪನಂಬಿಕೆ ಸರಿಯಲ್ಲ ಎಂದು ಎರಡನ್ನೂ ಜೋಡಿಯಾಗಿ ಕಂಬದ ಪಕ್ಕದಲ್ಲಿಟ್ಟೆ. ಸುತ್ತ ನೋಡಿದರೆ ಬೇರೆ ಒಂದು ಜೊತೆಯೂ ಇರಲಿಲ್ಲ. ಆಗಲಾದರೂ ತಲೆಗೆ ಏನಾದರೂ ಹೊಳೆಯಬೇಕಿತ್ತು. ಹೊಳೆದದ್ದು ಇಷ್ಟೇ: ಪರವಾಗಿಲ್ಲ, ಇವತ್ತು ಒಳಗೆ ರಶ್ಶಿಲ್ಲ.

ಒಳಗೆ ಕಾಲಿಡಲು ಜಾಗವಿರಲಿಲ್ಲ. ಅಷ್ಟು ಜನರೂ ಬೂಟು ಹಾಕಿಕೊಂಡೇ ಕೂತಿದ್ದರು. ತಿರುಗಿ ಓಡೋಣವೆಂದರೆ ಒಬ್ಬ ಅಜ್ಜಿ ಸರಿದು ಬೆಂಚಿನ ಮೇಲೆ ಜಾಗ ಮಾಡಿಕೊಟ್ಟರು. ಕೂತು, ಎರಡೂ ಪಾದಗಳನ್ನು ಬೆಂಚಿನ ಅಡಿಗೆ ಎಳೆದುಕೊಂಡು, ಯೋಚಿಸಲು ಸಿಕ್ಕ ಸಮಯದಲ್ಲಿ ನನ್ನನ್ನು ನಾನೇ ಸಮರ್ಥಿಸಿಕೊಂಡೆ. ಸಂತ ಫ್ರಾನ್ಸಿಸನೂ ಬರಿಗಾಲಿನವನೇ. ಎಲ್ಲವನ್ನೂ ಬಿಟ್ಟ ದಿನ ಕಾಲಿನದನ್ನೂ ಬಿಟ್ಟನಂತೆ. ಅವನ ಹೆಸರು ಹೊತ್ತ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಬರಿಗಾಲಿನವರಿಗೆ ಪ್ರವೇಶವಿಲ್ಲ ಎಂದು ಗ್ರೋಸರಿ ಅಂಗಡಿಗಳ ಬಾಗಿಲಲ್ಲೇ ಬೋರ್ಡು ಹಾಕಿರುತ್ತಾರೆ. ಸಂತ ಬಂದರೆ ಅವನಿಗೆ ಒಂದು ಡಬ್ಬ ಹಾಲೂ ಸಿಗಲಾರದು. ಈ ಇಡೀ ಚರ್ಚಿನಲ್ಲಿ ಅವನನ್ನು ಸರಿಯಾಗಿ ಅನುಸರಿಸಿದವನು ನಾನೊಬ್ಬನೇ ಎಂದು ಹೆಮ್ಮೆಪಡುವ ಹೊತ್ತಿಗೆ ಪೂಜೆ ಮುಗಿಯಿತು.

ಹೊರಗೆ ಬಂದರೆ ಕಂಬ ಇತ್ತು, ಬೂಟು ಇರಲಿಲ್ಲ.

ಕಲ್ಲು ಮಂಜುಗಡ್ಡೆಯ ಹಾಗಿತ್ತು. ಕೋಟು, ಟೈ, ಇಸ್ತ್ರಿ ಪ್ಯಾಂಟು, ಕೆಳಗೆ ಬರಿಗಾಲು. ನಾಳೆಯ ಮೀಟಿಂಗಿಗೆ ನಡುವೆ ಒಂದೇ ರಾತ್ರಿ ಉಳಿದಿತ್ತು. ಅಷ್ಟರಲ್ಲಿ, ಚರ್ಚಿನ ಮುಂದಿನ ಚೌಕದ ಆಚೆ ತುದಿಯಲ್ಲಿ, ಜನರ ಕಾಲುಗಳ ನಡುವೆ ಎರಡು ಕೆಂಪು ಬೊಟ್ಟುಗಳು ಮೇಲೆ ಕೆಳಗೆ ಆಡುತ್ತ ಹೋಗುತ್ತಿರುವುದು ಕಂಡಿತು. ಸರೋಜ, ನಿನ್ನ ಕೈಗೆ ಬಂಗಾರದ ಬಳೆ ತೊಡಿಸುತ್ತೇನೆ ಎಂದುಕೊಂಡು ಪಾರಿವಾಳಗಳನ್ನು ಚೆದುರಿಸುತ್ತ ಓಡಿದೆ.

ನನ್ನ ಬೂಟಿನಲ್ಲಿದ್ದವನಿಗೆ ಮೂವತ್ತರ ಆಸುಪಾಸು. ತಲೆಗೂದಲಿಗೆ ನೀರು ಹಚ್ಚಿ ಒತ್ತಿ ಬಾಚಿದ್ದ, ಕೋಟು ಸ್ವಲ್ಪ ದೊಡ್ಡದಾಗಿತ್ತು. ಕಂಕುಳಲ್ಲಿ ನ್ಯೂಸ್ ಪೇಪರಿನ ಒಂದು ಪೊಟ್ಟಣ. ಇನ್ನೊಂದು ಕೈಯನ್ನು ಹಿಡಿದು ಅವನ ತಾಯಿ ನಡೆಯುತ್ತಿದ್ದರು. ತಾಯಿಯೆಂದು ಹೇಳಲು ಭಾಷೆ ಬರಬೇಕಾಗಿರಲಿಲ್ಲ, ಇಬ್ಬರದೂ ಒಂದೇ ಮೂಗು. ಅವರ ಕೈಯಲ್ಲಿ ಬಟ್ಟೆ ಸುತ್ತಿದ ಒಂದು ಡಬ್ಬಿ. ಹತ್ತಿರ ಹೋದವನು ಹೆಜ್ಜೆ ನಿಧಾನಿಸಿದೆ. ಏನೆಂದು ಕೇಳುವುದು? ಲಾಸ್ ಗಾಟೋಸ್ ಎನ್ನಲೇ? ಅಲ್ಲದೆ, ತಾಯಿಯ ಕೈ ಹಿಡಿದವನನ್ನು ತಡೆದು ನಿಲ್ಲಿಸಿ ಕಳ್ಳ ಎನ್ನುವಷ್ಟು ಧೈರ್ಯ ನನ್ನ ವಂಶದಲ್ಲೇ ಯಾರಿಗೂ ಇರಲಿಲ್ಲ. ತಾಯಿ ಕೈ ಬಿಟ್ಟ ಕೂಡಲೇ ಹಿಡಿಯೋಣವೆಂದು ಹಿಂದೆ ಹಿಂದೆ ಹೋದೆ. ಅವರು ಕೈ ಬಿಡಲಿಲ್ಲ.

ಹೀಗೆ ನಾನು ಲೀಮಾ ನಗರವನ್ನು ನೋಡಿದೆ. ಬೇರೆಯವರಿಗೆ ಗೈಡು ಇರುತ್ತಾನೆ, ನನಗೆ ನನ್ನ ಬೂಟು ಇತ್ತು. ಅದು ನಿಂತಲ್ಲಿ ನಿಂತೆ, ಅದು ತಿರುಗಿದಲ್ಲಿ ತಿರುಗಿದೆ. ದೊಡ್ಡ ಚೌಕದಲ್ಲಿ ಬ್ಯಾಂಡಿನವರು ಹಿತ್ತಾಳೆ ವಾದ್ಯ ಊದುತ್ತಿದ್ದರು. ಬೂಟು ತಾಳ ಹಾಕಿತು. ನನ್ನ ಕಾಲಲ್ಲಿದ್ದಾಗ ಎಂದೂ ಹಾಕಿರಲಿಲ್ಲ. ಇಡೀ ಊರು ಒಗೆದ ಬಟ್ಟೆ ಹಾಕಿಕೊಂಡು ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ಬೀದಿಗೆ ಬಂದಿತ್ತು. ಹಳೆಯ ಮನೆಗಳ ಮಹಡಿಯಿಂದ ಕೆತ್ತನೆಯ ಮರದ ಬಾಲ್ಕನಿಗಳು ಹೊರಚಾಚಿದ್ದವು. ನಾನು ತಲೆಯೆತ್ತಿ ಅವನ್ನು ನೋಡಿ, ತಲೆ ತಗ್ಗಿಸಿ ಬೊಟ್ಟು ನೋಡಿ, ಮತ್ತೆ ತಲೆಯೆತ್ತಿ, ಅಂತೂ ಊರಿಗೆಲ್ಲ ನಮಸ್ಕಾರ ಮಾಡುತ್ತ ಹೋಗುವವನ ಹಾಗೆ ಕಾಣಿಸುತ್ತಿದ್ದಿರಬೇಕು.

ಒಂದು ಸಂತೆಬೀದಿಯಲ್ಲಿ ತಾಯಿ ಮಗ ಹೂವು ಕೊಳ್ಳಲು ನಿಂತರು. ಪಕ್ಕದಲ್ಲೇ ಎರಡು ಜಡೆಯ ಹೆಂಗಸೊಬ್ಬಳು ನೆಲದ ಮೇಲೆ ಚಪ್ಪಲಿ ಹರಡಿಕೊಂಡು ಕೂತಿದ್ದಳು. ನೋಡಿ ಬೆರಗಾದೆ. ಲಾರಿ ಟೈರು ಕತ್ತರಿಸಿ ಪಟ್ಟಿ ಹೊಡೆದ ಚಪ್ಪಲಿ, ನಮ್ಮ ಕಲಾಸಿಪಾಳ್ಯದ ಗಾಡಿಯವರ ಕಾಲಲ್ಲಿ ಇರುತ್ತಿದ್ದಂಥದೇ. ಕಾಲು ತೋರಿಸಿದೆ, ಅವಳು ನಕ್ಕು ಒಂದು ಜೊತೆ ಕೊಟ್ಟಳು. ಎಂಜಿನಿಯರಿಂಗ್ ಓದಿ, ಕಡಲು ದಾಟಿ, ಕೊನೆಗೆ ಟೈರು ಚಪ್ಪಲಿಗೆ ಬಂದು ನಿಂತೆ. ಆದರೆ ಸತ್ಯ ಹೇಳಬೇಕು, ಹಿತವಾಗಿತ್ತು.

ಹೊಟ್ಟೆ ಹಸಿದಿತ್ತು. ಗಾಡಿಯೊಂದರಲ್ಲಿ ಬಿಸಿ ಎಣ್ಣೆಯಿಂದ ಉದ್ದಿನ ವಡೆ ತೆಗೆಯುತ್ತಿದ್ದರು. ನಡುವೆ ತೂತು, ಹೊಂಬಣ್ಣ, ಏನೂ ಅನುಮಾನವಿರಲಿಲ್ಲ. ಕಣ್ಣಲ್ಲಿ ನೀರು ಬಂತು. ಚಟ್ನಿ ಹಾಕಲು ಕೈಸನ್ನೆ ಮಾಡಿದೆ. ಗಾಡಿಯವಳು ಧಾರಾಳವಾಗಿ ಬೆಲ್ಲದ ಪಾಕ ಸುರಿದಳು. ಅದು ಕುಂಬಳಕಾಯಿಯ ಸಿಹಿ ಕರಿದ ತಿಂಡಿ. ಮೋಸವಾಯಿತೆಂದು ಅಂದುಕೊಳ್ಳುತ್ತಲೇ ಪೂರ್ತಿ ತಿಂದೆ. ತಲೆಯೆತ್ತಿದರೆ ಬೊಟ್ಟುಗಳು ಬಸ್ಸು ಹತ್ತುತ್ತಿದ್ದವು. ನಾನೂ ಹತ್ತಿದೆ.

ಬಸ್ಸು ಸಮುದ್ರದ ಕಡೆಗೆ ಹೋಯಿತು. ಕಡೆಯ ನಿಲ್ದಾಣದಲ್ಲಿ ಇಳಿದರೆ ಎತ್ತರದ ದಂಡೆ, ಕೆಳಗೆ ಬೂದು ಬಣ್ಣದ ನೀರು. ನಮ್ಮ ಪೆಸಿಫಿಕ್ಕೇ. ವಾರದ ಹಿಂದೆ ಹಾಫ್ ಮೂನ್ ಬೇಯಲ್ಲಿ ಇದೇ ನೀರಿನ ಮುಂದೆ ನಿಂತು ಸರೋಜ ನನ್ನ ಬೂಟಿಗೆ ಮರಳು ಹೋದದ್ದಕ್ಕೆ ಗದರಿದ್ದಳು. ಈಗ ಗದರಿಸಿಕೊಳ್ಳಲು ಬೂಟೂ ಇಲ್ಲ, ಅವಳೂ ಇಲ್ಲ. ಒಂದು ಕ್ಷಣ ನನಗೆ ಬಹಳ ಒಂಟಿ ಎನ್ನಿಸಿತು.

ಆ ಹೊತ್ತಿಗೆ ಮುಂದೆ ಹೋಗುತ್ತಿದ್ದವರು ಒಂದು ಕಿಟಕಿಯ ಗಾಜಿನೆದುರು ನಿಂತರು. ತಾಯಿ ಮಗನ ಕೋಟಿನ ಮೇಲಿನ ದಾರದ ಎಳೆ ಕಿತ್ತರು, ಕಾಲರ್ ಸರಿಮಾಡಿದರು. ಮಗ ಹೂಗೊಂಚಲನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದ, ಬಗ್ಗಿ ತನ್ನ, ಅಂದರೆ ನನ್ನ, ಬೂಟಿನ ತುದಿಯನ್ನು ಕರವಸ್ತ್ರದಿಂದ ಒರೆಸಿದ. ಬೆಳಗ್ಗಿನಿಂದ ಆ ಊರಿನಲ್ಲಿ ಒಂದು ಮಾತೂ ಅರ್ಥವಾಗದ ನನಗೆ ಇದು ಮಾತ್ರ ಪೂರ್ತಿ ಅರ್ಥವಾಯಿತು. ಇವರು ಹೆಣ್ಣು ಕೇಳಲು ಹೊರಟವರು.

ಅರ್ಥವಾಗದೆ ಏನು, ನಾನೂ ಹೀಗೇ ಹೋದವನಲ್ಲವೇ. ಬಸವನಗುಡಿಯ ಸರೋಜಳ ಮನೆಗೆ ಹೆಣ್ಣು ನೋಡಲು ಹೊರಟ ದಿನ ನನ್ನ ಹತ್ತಿರ ಒಳ್ಳೆಯ ಬೂಟಿರಲಿಲ್ಲ. ಗೆಳೆಯನೊಬ್ಬನದನ್ನು ಎರವಲು ತಂದು, ಬೆಳಿಗ್ಗೆಯೆಲ್ಲ ಪಾಲಿಶ್ ಹಾಕಿ, ಕನ್ನಡಿಯ ಹಾಗೆ ಮಾಡಿಕೊಂಡು ಹೋದೆ. ಹೋಗಿ ಬಾಗಿಲಲ್ಲೇ ಬಿಟ್ಟೆ. ಮತ್ತೆಲ್ಲಿ ಬಿಡುವುದು? ಒಳಗೆ ಕೂತ ಮೇಲೆ ಸರೋಜಳಿಗೆ ಕಂಡದ್ದು ಕಾಲುಚೀಲದ ತೂತಿನಿಂದ ಹೊರಗೆ ಇಣುಕುತ್ತಿದ್ದ ನನ್ನ ಹೆಬ್ಬೆರಳು. ಆ ಬೆರಳನ್ನು ನೋಡಿ ಅಯ್ಯೋ ಪಾಪ ಎನ್ನಿಸಿ ಒಪ್ಪಿದೆ ಎಂದು ಅವಳು ಇವತ್ತಿಗೂ ಬಂದವರಿಗೆಲ್ಲ ಹೇಳುತ್ತಾಳೆ.

ನೀಲಿ ಬಾಗಿಲಿನ ಒಂದು ಮನೆ ತೆರೆದುಕೊಂಡಿತು. ತಾಯಿ ಮಗ ಬೂಟು ಹಾಕಿಕೊಂಡೇ ಒಳಗೆ ಹೋದರು. ಆ ದೇಶದಲ್ಲಿ ನಮ್ಮ ಪದ್ಧತಿ ಇದ್ದಿದ್ದರೆ ಬೂಟು ಹೊರಗೇ ಉಳಿದು, ನಾನು ಮೆಲ್ಲಗೆ ಎತ್ತಿಕೊಂಡು ಬಂದುಬಿಡಬಹುದಿತ್ತು. ಎದುರಿನ ಕಲ್ಲುಬೆಂಚಿನ ಮೇಲೆ ಕೂತು ಕಾದೆ. ಹೊರಗೆ ಬಂದ ಮೇಲೆ ಕೇಳಿಯೇಬಿಡುವುದು ಎಂದು ಗಟ್ಟಿಮಾಡಿಕೊಂಡೆ. ಅವನ ಕೆಲಸ ಆಗಿರುತ್ತದೆ, ಇನ್ನು ನನ್ನ ಕೆಲಸ ಆಗಬೇಕು. ನಾಳೆ ಬೆಳಿಗ್ಗೆ ನನ್ನನ್ನೂ ನೋಡುವವರಿದ್ದಾರೆ. ಹೀಗೆ ಮನಸ್ಸಿನಲ್ಲಿ ಜಗಳವಾಡುತ್ತಲೇ, ಒಳಗಿನಿಂದ ಸದ್ದೇ ಬಾರದಿದ್ದಾಗ, ಅಯ್ಯೋ ಒಪ್ಪಲಿಲ್ಲವೋ ಏನೋ ಎಂದು ಚಡಪಡಿಸಲು ಶುರುಮಾಡಿದ್ದೆ. ಕಳ್ಳನಿಗೆ ಹೆಣ್ಣು ಸಿಗಲಿ ಎಂದು ದೇವರನ್ನು ಬೇಡಿಕೊಂಡವನು ನಾನೊಬ್ಬನೇ ಇರಬೇಕು.

ಬಾಗಿಲು ತೆರೆಯಿತು. ಒಳಗಿನಿಂದ ಒಟ್ಟಿಗೆ ಹತ್ತು ದನಿಯ ನಗು ಬಂತು. ತಾಯಿಯ ಮುಖ ನೋಡಿದರೆ ಸಾಕಾಗಿತ್ತು. ಆಕೆ ಡಬ್ಬಿ ತೆರೆದು, ದಾರಿಹೋಕರಿಗೆ, ಹೂದೋಟದವನಿಗೆ, ಕೊನೆಗೆ ಬೆಂಚಿನ ಮೇಲಿದ್ದ ನನಗೂ ಒಂದೊಂದು ಸಿಹಿ ಕೊಟ್ಟರು. ಎರಡು ಬಿಸ್ಕತ್ತಿನ ನಡುವೆ ಹಾಲನ್ನು ಕೆಂಪಗೆ ಕಾಯಿಸಿ ಇಟ್ಟದ್ದು, ಥೇಟ್ ಪೇಡದ ರುಚಿ. ಶುಭದ ಸಿಹಿ ಬೇಡವೆನ್ನುವ ಅಭ್ಯಾಸವಿಲ್ಲ, ಬಾಯಿಗೆ ಹಾಕಿಕೊಂಡೆ. ಹಾಕಿಕೊಂಡ ಮೇಲೆ ತಿಳಿಯಿತು, ಮಾತು ಮುಗಿಯಿತೆಂದು. ಒಬ್ಬರ ಮನೆಯ ನಿಶ್ಚಯದ ಸಿಹಿ ತಿಂದು ಅದೇ ಬಾಯಲ್ಲಿ ಬೂಟು ಬಿಚ್ಚು ಎನ್ನುವುದು ಹೇಗೆ?

ಆದರೆ ಆ ಮನುಷ್ಯ ನನ್ನನ್ನು ನೋಡಿದ. ಟೈ ನೋಡಿದ, ಇಸ್ತ್ರಿ ಪ್ಯಾಂಟು ನೋಡಿದ, ಅದರ ಕೆಳಗಿನ ಟೈರು ಚಪ್ಪಲಿ ನೋಡಿದ. ನನ್ನ ಕಣ್ಣು ಎಲ್ಲಿದೆ ಎಂದು ನೋಡಿದ. ಅವನ ಮುಖದ ನಗು ಇಳಿಯಿತು. ನನ್ನ ಪಕ್ಕ ಕೂತು ಕಂಕುಳಿನ ಪೊಟ್ಟಣ ಬಿಚ್ಚಿದ. ಒಳಗಿದ್ದದ್ದು ಅವನ ಹಳೆಯ ಬೂಟು, ಅಟ್ಟೆ ಬಿಟ್ಟುಕೊಂಡು ಬಾಯ್ದೆರೆದಿತ್ತು. ಊರಿನ ಕಡೆಗೆ ಕೈ ತೋರಿಸಿ, ಕಣ್ಣು ಮುಚ್ಚಿ ಕೈ ಜೋಡಿಸಿ, ಆಮೇಲೆ ಎರಡೂ ಅಂಗೈ ಬಿಡಿಸಿದ. ಚರ್ಚಿನಲ್ಲಿ ಬೇಡಿಕೊಂಡು ಹೊರಗೆ ಬಂದೆ, ಇದು ಇತ್ತು. ಅಷ್ಟೇ ಅವನ ಕಥೆ. ಬೆಳಗ್ಗಿನಿಂದ ಅವನನ್ನು ಕಳ್ಳ ಕಳ್ಳ ಎಂದುಕೊಂಡು ಬಂದ ನನಗೆ ಬಹಳ ನಾಚಿಕೆಯಾಯಿತು. ಅವನು ಬಗ್ಗಿ ಲೇಸು ಬಿಚ್ಚತೊಡಗಿದ. ನೀಲಿ ಬಾಗಿಲಲ್ಲಿ ಹುಡುಗಿಯ ಮನೆಯವರೆಲ್ಲ ನಿಂತು ನೋಡುತ್ತಿದ್ದರು.

ನಾನು ಅವನ ಕೈ ಹಿಡಿದುಕೊಂಡೆ. ‘ಬೇಡಪ್ಪ, ಇಟ್ಕೊ. ಸಿಹಿ ತಿಂದಾಯ್ತಲ್ಲ’ ಎಂದೆ, ಶುದ್ಧ ಬೆಂಗಳೂರು ಕನ್ನಡದಲ್ಲಿ. ನನ್ನ ಕೈಯಿಂದಲೇ ಲೇಸು ಕಟ್ಟಿ, ಮದುವೆಗಂಡಿನ ಬೆನ್ನು ತಟ್ಟಿ, ಗೊತ್ತಿದ್ದ ಒಂದೇ ಸ್ಪ್ಯಾನಿಶ್ ಶುಭಾಶಯವನ್ನು ಗಟ್ಟಿಯಾಗಿ ಹೇಳಿ ಹೊರಟೆ. ಅದರ ಅರ್ಥ ಶುಭೋದಯ. ಸೂರ್ಯ ಆಗಲೇ ಸಮುದ್ರಕ್ಕೆ ಇಳಿಯುತ್ತಿದ್ದ.

ನನ್ನನ್ನು ದಾನಶೂರನೆಂದು ತಿಳಿಯಬೇಡಿ. ಆ ಬೂಟು ಕೊಂಡ ದಿನದಿಂದ ನನ್ನ ಕಿರುಬೆರಳನ್ನು ಕಚ್ಚುತ್ತಿತ್ತು, ಸೇಲಿನದೆಂದು ಬಾಯಿ ಮುಚ್ಚಿಕೊಂಡಿದ್ದೆ. ಸೋಮವಾರ ಟೈರು ಚಪ್ಪಲಿಯಲ್ಲೇ ಮೀಟಿಂಗಿಗೆ ಹೋದೆ. ರಾತ್ರಿಯೆಲ್ಲ ನಿದ್ದೆ ಬಂದಿರಲಿಲ್ಲ. ಹೋಗಿ ನೋಡಿದರೆ ಮೇಜಿಗೆ ನೆಲ ಮುಟ್ಟುವಂತೆ ಹಸಿರು ಬಟ್ಟೆ ಹಾಸಿದ್ದರು. ಎಲ್ಲರಿಗಿಂತ ಮೊದಲು ಬಂದು ಅದರ ಹಿಂದೆ ನಿಂತು, ಎಲ್ಲರೂ ಹೋದ ಮೇಲೆ ಹೊರಬಂದೆ. ಯಂತ್ರ ಅವರಿಗೆ ಹಿಡಿಸಿತು. ಬಸವನಗುಡಿಯಲ್ಲಿ ನನ್ನ ಬೂಟನ್ನು ಯಾರೂ ನೋಡಲಿಲ್ಲ, ಲೀಮಾದ ಮೀಟಿಂಗಿನಲ್ಲಿ ನನ್ನ ಚಪ್ಪಲಿಯನ್ನು ಯಾರೂ ನೋಡಲಿಲ್ಲ. ಕಾಲಿನ ಬಗ್ಗೆ ಇಷ್ಟೆಲ್ಲ ಆತಂಕಪಟ್ಟದ್ದು ನಾನೊಬ್ಬನೇ.

ಏರ್‌ಪೋರ್ಟಿಗೆ ಬಂದ ಸರೋಜ ಮೊದಲು ನೋಡಿದ್ದೇ ಕಾಲನ್ನು. ನೋಡಿ, ಕಾರಿನ ಕಡೆಗೆ ನಡೆದಳು. ಫ್ರೀವೇ ಉದ್ದಕ್ಕೂ ನಾನು ಕಥೆ ಹೇಳಿದೆ, ಅವಳು ಕಾರು ಓಡಿಸಿದಳು. ನಮ್ಮ ಎಕ್ಸಿಟ್ಟು ಬಂದಾಗ ಕೇಳಿದಳು, ‘ಹುಡುಗಿ ಹೇಗಿದ್ಲು?’

ನೋಡಲಿಲ್ಲ ಎಂದೆ.

‘ಅಷ್ಟು ಹೊತ್ತು ಮನೆ ಮುಂದೆ ಕೂತು, ಸ್ವೀಟೂ ತಿಂದು, ಹುಡುಗಿನೇ ನೋಡ್ಲಿಲ್ವಾ?’ ಎಂದು ಅವಳು ನಿಜವಾಗಿ ಸಿಟ್ಟುಮಾಡಿಕೊಂಡದ್ದು ಆಗ. ಬೂಟಿನ ಸುದ್ದಿ ಅವಳು ಮತ್ತೆ ಎತ್ತಲೇ ಇಲ್ಲ.

ಮುಂದಿನ ಭಾನುವಾರ ಸರಟೋಗಾದಲ್ಲಿ ಎಲ್ಲರೂ ನನ್ನ ಪ್ರವಾಸದ ಸ್ಲೈಡು ನೋಡಲು ಕಾದಿದ್ದರು. ನನ್ನ ಹತ್ತಿರ ಒಂದು ಫೋಟೋವೂ ಇರಲಿಲ್ಲ, ಬರೀ ಕಥೆ ಇತ್ತು. ಕೇಳಿ ಮುಗಿಸಿದ ಶೆಟ್ಟರು ‘ಎಂಥದು ಮಾರಾಯ್ರೆ, ಅಷ್ಟು ದೂರ ಹೋಗಿ ಒಂದು ಮ್ಯೂಸಿಯಂ ಸಹ ನೋಡ್ಲಿಲ್ವಾ?’ ಎಂದು ನೊಂದುಕೊಂಡರು. ಹೊರಡುವಾಗ ಬಾಗಿಲಿಗೆ ಬಂದರೆ, ಕಪ್ಪು ಬೂಟುಗಳ ರಾಶಿಯಲ್ಲಿ ಎಂದಿನ ಹಾಗೆ ಗಲಾಟೆ. ನನ್ನ ಟೈರು ಚಪ್ಪಲಿ ಮಾತ್ರ ಬಿಟ್ಟಲ್ಲೇ ಇತ್ತು, ಯಾರೂ ಮುಟ್ಟಿರಲಿಲ್ಲ. ಜೀವನದಲ್ಲಿ ಮೊದಲ ಸಲ ಹೋದದ್ದರಲ್ಲೇ ವಾಪಸು ಬಂದೆ.

ಮಾರನೆಯ ಬೆಳಿಗ್ಗೆ ನೋಡಿದರೆ ಆ ಚಪ್ಪಲಿಯ ಹಿಮ್ಮಡಿಯ ಪಟ್ಟಿಯ ಮೇಲೂ ಒಂದೊಂದು ಕೆಂಪು ಬೊಟ್ಟು. ಇನ್ನೂ ಒಣಗಿರಲಿಲ್ಲ. ಇದನ್ನು ಯಾರು ತಗೊಂಡು ಹೋಗುತ್ತಾರೆ, ಇದಕ್ಕೇಕೆ ಗುರುತು ಎಂದು ಕೇಳಿದೆ.

‘ಗುರುತಿಗಲ್ಲ’ ಎಂದಳು ಸರೋಜ, ನೇಲ್ ಪಾಲಿಶಿನ ಬಾಟಲಿಗೆ ಮುಚ್ಚಳ ತಿರುಗಿಸುತ್ತ. ‘ನೀವು ಇದನ್ನೂ ಎಲ್ಲೋ ಯಾರಿಗೋ ಬಿಟ್ಟು ಬರ್ತೀರಿ. ಶುಭಕಾರ್ಯಕ್ಕೆ ಹೋಗೋದನ್ನ ಬೊಟ್ಟಿಲ್ದೆ ಕಳಿಸ್ಬಾರ್ದು.’